ಐದು ರಾಷ್ಟ್ರೀಯ ಉದ್ಯಾನ, ಒಂದು ಬೇಸಿಗೆ: ಗಡಿ ತಾಲ್ಲೂಕಿನ ನವದಂಪತಿಗೆ ಕಾಡು ಎಷ್ಟು ದೂರ?

ಗುರುಮಠಕಲ್: ಅಕ್ಷಯ ತೃತೀಯದ ಆಸುಪಾಸಿನ ಮುಹೂರ್ತಗಳು ಮುಗಿದ ಮೇಲೆ ಆಷಾಢ ಕಾಲಿಡುವವರೆಗೆ ನವದಂಪತಿಗೆ ಸಿಗುವುದು ಸಾಮಾನ್ಯವಾಗಿ ಏಳೆಂಟು ವಾರಗಳ ಅವಧಿ. ಆಷಾಢ ಬಂದರೆ ಮದುಮಗಳು ತವರಿಗೆ. ಈ ನಡುವಿನ ದಿನಗಳಲ್ಲಿ ಹೊಸ ಜೋಡಿಯನ್ನು ಮೈಲಾಪುರದ ಮಲ್ಲಯ್ಯನಿಗೋ, ತಿಂಥಣಿಯ ಮೌನೇಶ್ವರನಿಗೋ, ಗಾಣಗಾಪುರಕ್ಕೋ, ಕೈಲಾದರೆ ಶ್ರೀಶೈಲಕ್ಕೋ ಕರೆದೊಯ್ಯುವುದು ಈ ಭಾಗದ ಹಳೆಯ ಪದ್ಧತಿ. ಹಿರಿಯರು ಜೊತೆಗಿರುತ್ತಿದ್ದರು, ವಾಹನ ಬಾಡಿಗೆಯದು, ಪ್ರವಾಸ ಎರಡು ಅಥವಾ ಮೂರು ದಿನದ್ದು.

ಆ ಪದ್ಧತಿ ಅಳಿದಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬೆಳೆದಿದೆ. ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಉದ್ಯೋಗದಲ್ಲಿರುವ ವರ, ಓದಿ ಬಂದ ವಧು, ಸಾಲದ ಕಾರು, ಕೈಯಲ್ಲಿ ನಕ್ಷೆ ತೋರುವ ಮೊಬೈಲು. ದೇವರ ದರ್ಶನ ಮುಗಿದ ಮರುವಾರವೇ ಇಬ್ಬರೂ ‘ಕಾಡು ನೋಡಲು’ ಹೊರಡುತ್ತಾರೆ. ಬಿಸಿಲ ನಾಡಿನವರಿಗೆ ಹಸಿರಿನ ಮೇಲಿರುವ ಆಸೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಆಸೆ ಬೇಸಿಗೆಯ ಕೆಲವೇ ವಾರಗಳಲ್ಲಿ ರಾಜ್ಯದ ಎಲ್ಲ ದಿಕ್ಕಿನಿಂದಲೂ ಎರಡು ಮೂರು ಅರಣ್ಯಗಳ ಬಾಗಿಲಿಗೆ ಬಂದು ನಿಂತಾಗ ಏನಾಗುತ್ತದೆ ಎಂಬುದು ಕೇವಲ ಪ್ರವಾಸದ ವಿಷಯವಾಗಿ ಉಳಿಯುವುದಿಲ್ಲ. ನ್ಯಾಯಾಲಯ, ರೈತ, ಅರಣ್ಯ ಸಿಬ್ಬಂದಿ ಮತ್ತು ಪ್ರಾದೇಶಿಕ ಅಸಮತೋಲನ ಎಲ್ಲವೂ ಅದರೊಳಗೆ ಬಂದುಬಿಡುತ್ತವೆ.

ಒಂದು ಸುತ್ತು, ಎರಡು ಸಾವಿರ ಕಿ.ಮೀ.: ಕರ್ನಾಟಕದಲ್ಲಿರುವ ರಾಷ್ಟ್ರೀಯ ಉದ್ಯಾನಗಳು ಐದು. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ. ಈ ಐದರಲ್ಲಿ ಒಂದೂ ಕಲ್ಯಾಣ ಕರ್ನಾಟಕದಲ್ಲಿಲ್ಲ. ಗುರುಮಠಕಲ್‌ನಿಂದ ಹೊರಡುವ ಒಂದು ಜೋಡಿ ಐದನ್ನೂ ಒಂದೇ ಪ್ರಯಾಣದಲ್ಲಿ ನೋಡಬೇಕೆಂದು ಹಟ ತೊಟ್ಟಿದೆ ಎಂದು ಊಹಿಸಿಕೊಳ್ಳೋಣ. ಯಾದಗಿರಿ, ಶಹಾಪುರ, ಸುರಪುರ ದಾಟಿ ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು ಹಾಯ್ದು ಹೊಸಪೇಟೆ. ಅಲ್ಲಿಂದ ಹುಬ್ಬಳ್ಳಿಯ ಮಾರ್ಗವಾಗಿ ದಾಂಡೇಲಿ, ಅಣಶಿ ಘಟ್ಟ ಇಳಿದು ಕಾರವಾರ. ಕರಾವಳಿಯುದ್ದಕ್ಕೂ ಸಾಗಿ ಕಾರ್ಕಳದಿಂದ ಕುದುರೆಮುಖ. ಮಡಿಕೇರಿ, ನಾಗರಹೊಳೆ, ಬಂಡೀಪುರ, ಬನ್ನೇರುಘಟ್ಟ. ಕೊನೆಗೆ ಬೆಂಗಳೂರಿನಿಂದ ಐದುನೂರಕ್ಕೂ ಹೆಚ್ಚು ಕಿ.ಮೀ. ಹಿಂದಿರುಗುವ ದಾರಿ. ಒಟ್ಟು ಎರಡು ಸಾವಿರ ಕಿ.ಮೀ. ಆಸುಪಾಸು. ಮೈಸೂರಿನ ದಂಪತಿಗೆ ಬಂಡೀಪುರ ಬೆಳಗಿನ ಉಪಾಹಾರಕ್ಕೂ ಮಧ್ಯಾಹ್ನದ ಊಟಕ್ಕೂ ನಡುವಿನ ಊರು. ಗುರುಮಠಕಲ್‌ನವರಿಗೆ ಅದು ಎರಡು ದಿನದ ಚಾಲನೆ.

ಮೊದಲ ಉದ್ಯಾನ ಅಣಶಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಇದು ದಾಂಡೇಲಿ ಅಭಯಾರಣ್ಯದೊಂದಿಗೆ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ಕರಿಚಿರತೆಗೆ ಹೆಸರಾದ ಈ ದಟ್ಟ ಕಾಡಿನಲ್ಲಿ ಪ್ರಾಣಿಗಳು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಜನದಟ್ಟಣೆಯೂ ಅಷ್ಟಕ್ಕಷ್ಟೆ.

ಕುದುರೆಮುಖದ ಕಥೆ ಬೇರೆ. ಇದೂ 1987ರದೇ ಉದ್ಯಾನ, ವಿಸ್ತಾರ 600 ಚ.ಕಿ.ಮೀ. ಅದರ ನಡುವೆಯೇ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಗಣಿಯ ಲಾರಿಗಳು ಹೋದವು, ಪ್ರವಾಸಿಗರ ವಾಹನಗಳು ಬಂದವು ಎನ್ನುವುದು ಅರ್ಧ ವ್ಯಂಗ್ಯ, ಅರ್ಧ ಸತ್ಯ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಚಾರಣಿಗರು ನೆರೆದ ಚಿತ್ರಗಳು ಹರಿದಾಡಿದ ಬಳಿಕ ಸರ್ಕಾರ ಎಚ್ಚೆತ್ತು, ಆನ್‌ಲೈನ್ ನೋಂದಣಿ ಕಡ್ಡಾಯಗೊಳಿಸಿ ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿತು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭೀತಿಯಿಂದ ಚಾರಣವನ್ನೇ ನಿಲ್ಲಿಸುವುದೂ ಉಂಟು. ಆರುನೂರು ಕಿ.ಮೀ. ಕಾರು ಓಡಿಸಿಕೊಂಡು ಬಂದ ಜೋಡಿ ಇದನ್ನು ಮೊದಲೇ ತಿಳಿದಿರದಿದ್ದರೆ ಗೇಟಿನ ಬಳಿ ಚಹಾ ಕುಡಿದು ಹಿಂತಿರುಗಬೇಕಾದೀತು.

ಕಾಡಿನ ಕೆಟ್ಟ ಕಾಲ, ಪ್ರವಾಸಿಯ ಒಳ್ಳೆಯ ಕಾಲ: ಪ್ರಶ್ನೆಯ ತಿರುಳು ಇರುವುದು ನಾಗರಹೊಳೆ ಮತ್ತು ಬಂಡೀಪುರದಲ್ಲಿ. ಮಳೆಗಾಲದಲ್ಲಿ ಪೊದೆ ಬೆಳೆದು ಮರೆಯಾಗುವ ಪ್ರಾಣಿಗಳು ಬೇಸಿಗೆಯಲ್ಲಿ ನೀರಿಗಾಗಿ ಹೊರಬರುತ್ತವೆ. ಕಬಿನಿ ಜಲಾಶಯದ ನೀರು ಇಳಿದಂತೆ ಹಿನ್ನೀರಿನ ಬಯಲಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಬಂಡೀಪುರ, ನಾಗರಹೊಳೆ, ವಯನಾಡು, ಮುದುಮಲೆಯ ಆನೆಗಳು ಅಲ್ಲಿಗೆ ಹಿಂಡುಹಿಂಡಾಗಿ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ದೃಶ್ಯ ಬೇರೆಡೆ ವಿರಳ. ಏಪ್ರಿಲ್–ಮೇ ತಿಂಗಳನ್ನು ಸಫಾರಿಯ ಸುಗ್ಗಿ ಎನ್ನುವುದು ಇದಕ್ಕಾಗಿಯೇ. ಶಾಲಾ ರಜೆ, ಮದುವೆ ಕಾಲ, ಬೆಂಗಳೂರಿನ ವಾರಾಂತ್ಯ ಎಲ್ಲವೂ ಆಗಲೇ ಕೂಡಿಬರುತ್ತವೆ.

ಆದರೆ ಆನೆ ಅಲ್ಲಿ ಬಂದಿರುವುದು ದರ್ಶನ ನೀಡಲಲ್ಲ. ಬೇರೆಡೆ ನೀರಿಲ್ಲ ಎಂದು. ಬಂಡೀಪುರದಲ್ಲಿ ಸೌರಶಕ್ತಿಯ ಕೊಳವೆಬಾವಿಗಳಿಂದ ಕೆರೆಕಟ್ಟೆಗಳಿಗೆ ನೀರು ತುಂಬಿಸಬೇಕಾದ ಸ್ಥಿತಿ ಬೇಸಿಗೆಯದು. ಬೆಂಕಿಯೂ ಆಗಲೇ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಐದಾರು ದಿನ ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಬೆಂಕಿರೇಖೆ ಕಾಯುವ ಸಿಬ್ಬಂದಿ, ಸಫಾರಿ ವಾಹನದ ಹಿಂದೆ ಓಡುವ ಸಿಬ್ಬಂದಿ, ಕಾಡಂಚಿನ ಹಳ್ಳಿಗೆ ಬಂದ ಆನೆಯನ್ನು ಹಿಮ್ಮೆಟ್ಟಿಸುವ ಸಿಬ್ಬಂದಿ ಎಲ್ಲರೂ ಒಂದೇ ಇಲಾಖೆಯವರು. ಕಾಡಿಗೆ ಹೆಚ್ಚು ಕೈಗಳು ಬೇಕಾದ ತಿಂಗಳಲ್ಲೇ ಪ್ರವಾಸಿಗರಿಗೂ ಹೆಚ್ಚು ಕೈಗಳು ಬೇಕಾಗುತ್ತವೆ.

ಈ ವಿರೋಧಾಭಾಸ 2025ರಲ್ಲಿ ಬಹಿರಂಗವಾಗಿ ಸ್ಫೋಟಗೊಂಡಿತು. ಮೈಸೂರು ಜಿಲ್ಲೆಯ ಸರಗೂರು ತಾಲ್ಲೂಕಿನಲ್ಲಿ ಅಕ್ಟೋಬರ್–ನವೆಂಬರ್ ತಿಂಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಸಫಾರಿ ವಾಹನಗಳ ಗದ್ದಲ ಮತ್ತು ಅರಣ್ಯದ ಅಂಚಿನ ರೆಸಾರ್ಟುಗಳೇ ಹುಲಿಗಳನ್ನು ಹೊಲಕ್ಕೆ ಅಟ್ಟುತ್ತಿವೆ ಎಂಬುದು ರೈತರ ಆರೋಪವಾಗಿತ್ತು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಸೆರೆ ಕಾರ್ಯಾಚರಣೆಗೆ ಬಳಸುವಂತೆ ಆದೇಶಿಸಿದರು. ಸಫಾರಿಯನ್ನು ನಂಬಿದ ಚಾಲಕರು, ಹೋಟೆಲು ಕಾರ್ಮಿಕರು, ಅಂಗಡಿಯವರು ಒಂದೇ ದಿನದಲ್ಲಿ ಅತಂತ್ರರಾದರು.

ರೈತರ ಆರೋಪದಲ್ಲಿ ಎಷ್ಟು ಹುರುಳಿದೆ? ಹುಲಿ ಹೊಲಕ್ಕೆ ಬರಲು ವಾಹನದ ಸದ್ದೊಂದೇ ಕಾರಣ ಎಂದರೆ ಅದು ಸರಳೀಕರಣ. 2022ರ ಗಣತಿಯಂತೆ ರಾಜ್ಯದಲ್ಲಿದ್ದ ಹುಲಿಗಳು 563, ಮಧ್ಯಪ್ರದೇಶದ ನಂತರದ ಸ್ಥಾನ. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಕಾಡಿನ ಅಳತೆ ಹೆಚ್ಚಾಗಿಲ್ಲ. ಎಳೆಯ ಗಂಡು ಹುಲಿಗಳು ಮತ್ತು ಮುಪ್ಪಾದ ಹುಲಿಗಳು ಅಂಚಿಗೆ ದೂಡಲ್ಪಡುತ್ತವೆ. ಲಂಟಾನ ಪೊದೆ ಹುಲ್ಲುಗಾವಲನ್ನು ನುಂಗಿದೆ. ಆದರೂ ರೈತನ ಮಾತಿನ ಒಂದು ಭಾಗವನ್ನು ಅಲ್ಲಗಳೆಯಲಾಗದು. ಹುಲಿ ನೋಡಲು ಬಂದವನಿಗೆ ಅದು ಛಾಯಾಚಿತ್ರ, ಹತ್ತಿ ಬಿಡಿಸುವವನಿಗೆ ಅದು ಸಾವು. ಮೊದಲನೆಯವನಿಗೆ ಇಲಾಖೆ ಕೊಡುವ ಗಮನ ಎರಡನೆಯವನಿಗೆ ತಡವಾಗಿ ದೊರೆಯುತ್ತದೆ ಎಂಬ ಭಾವನೆ ಕಾಡಂಚಿನಲ್ಲಿ ಗಟ್ಟಿಯಾಗಿದೆ. ಅದೇ ವರ್ಷದ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತದ್ದನ್ನು ಇದರ ಜೊತೆಗಿಟ್ಟು ನೋಡಬೇಕು. ಕಾಡಂಚಿನವರ ಒಲವು ಕಳೆದುಕೊಂಡ ಕಾಡನ್ನು ಯಾವ ಗೇಟೂ ಕಾಯಲಾರದು.

ಒಂಬತ್ತು ಗಂಟೆಯ ಗೇಟು: ದೂರದಿಂದ ಬರುವವರಿಗೆ ಹೆಚ್ಚು ಸಿಟ್ಟು ತರಿಸುವುದು ರಾತ್ರಿ ಸಂಚಾರ ನಿಷೇಧ. ಬಂಡೀಪುರವನ್ನು ಎರಡು ರಾಷ್ಟ್ರೀಯ ಹೆದ್ದಾರಿಗಳು ಸೀಳುತ್ತವೆ: ಒಂದು ವಯನಾಡಿನ ಕಡೆಗೆ, ಇನ್ನೊಂದು ಮುದುಮಲೆ ಮೂಲಕ ಊಟಿಗೆ. ರಾತ್ರಿ ವಾಹನಗಳಿಗೆ ಪ್ರಾಣಿಗಳು ಬಲಿಯಾಗುತ್ತಿದ್ದುದರಿಂದ 2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ಗಳಿಗೆ ಹಾಗೂ ಬೆರಳೆಣಿಕೆಯ ಬಸ್ಸುಗಳಿಗೆ ವಿನಾಯಿತಿ ಉಂಟು. ನಾಗರಹೊಳೆಯನ್ನು ಹಾಯುವ ಮಾನಂದವಾಡಿ ರಸ್ತೆಯಲ್ಲಿ ಬಾಗಿಲು ಇನ್ನೂ ಬೇಗ, ಸಂಜೆ 6ಕ್ಕೇ ಮುಚ್ಚುತ್ತದೆ.

ಕೇರಳದ ಒತ್ತಡ ಅಂದಿನಿಂದಲೂ ಇದೆ. 2018ರಲ್ಲಿ ಮೇಲ್ಸೇತುವೆ ರಸ್ತೆಯ ಪ್ರಸ್ತಾವ ಬಂತು, ಕರ್ನಾಟಕ ಒಪ್ಪಲಿಲ್ಲ. 2019ರಲ್ಲಿ ಹುಣಸೂರು–ಗೋಣಿಕೊಪ್ಪ–ಕುಟ್ಟ ಪರ್ಯಾಯ ಮಾರ್ಗದ ಬಗ್ಗೆ ಸುಪ್ರೀಂ ಕೋರ್ಟ್ ಪ್ರಶ್ನಿಸಿದಾಗ, ಹಗಲೂ ಹೆದ್ದಾರಿ ಮುಚ್ಚಬಹುದೆಂಬ ಆತಂಕದಿಂದ ಸುಲ್ತಾನ್ ಬತ್ತೇರಿಯಲ್ಲಿ ದೊಡ್ಡ ಹೋರಾಟವೇ ನಡೆಯಿತು. ಆಗ ವಯನಾಡಿನ ಸಂಸದರಾಗಿದ್ದ ರಾಹುಲ್ ಗಾಂಧಿ ಅದರಲ್ಲಿ ಪಾಲ್ಗೊಂಡರು. ಪರ್ಯಾಯ ಮಾರ್ಗ ಮೂವತ್ತಕ್ಕೂ ಹೆಚ್ಚು ಕಿ.ಮೀ. ಸುತ್ತು. ಎರಡು ಸಾವಿರ ಕಿ.ಮೀ. ಸುತ್ತಲು ಹೊರಟವರು ಇಪ್ಪತ್ತು ಕಿ.ಮೀ. ಕಾಡನ್ನು ರಾತ್ರಿಯೇ ದಾಟಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ದಿನದ ಒಂಬತ್ತು ಗಂಟೆ ಆನೆಗೆ, ಉಳಿದ ಹದಿನೈದು ಗಂಟೆ ನಮಗೆ. ಈ ಲೆಕ್ಕದಲ್ಲಿ ನಷ್ಟ ಯಾರದೆಂದು ಬಿಡಿಸಿ ಹೇಳಬೇಕೇ?

ಹಗಲಿನ ರಸ್ತೆಯೂ ನಿರಪಾಯಕಾರಿಯಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳ ಮಾರ್ಗದಲ್ಲಿ ಕಾರಿನಿಂದಿಳಿದು ಆನೆಯೊಂದಿಗೆ ಸೆಲ್ಫಿ ತೆಗೆಯಲು ಹೋದ ಪ್ರವಾಸಿಗನನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿಯಿತು. ಅದೃಷ್ಟವಶಾತ್ ಜೀವ ಉಳಿಯಿತು. ಇಲಾಖೆ 25 ಸಾವಿರ ರೂಪಾಯಿ ದಂಡ ವಿಧಿಸಿತು. ಆ ವಿಡಿಯೊ ನೋಡಿದ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿ ಪಾಠ ಕಲಿತರೋ, ಎಷ್ಟು ಮಂದಿಗೆ ಅದೇ ಜಾಗ ನೋಡುವ ಆಸೆ ಹುಟ್ಟಿತೋ! ಅದೇ ವರ್ಷದ ನವೆಂಬರ್ 17ರಂದು ಕಾರ್ಬೆಟ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ರಾತ್ರಿ ಪ್ರವಾಸೋದ್ಯಮಕ್ಕೆ ತಡೆ ಹಾಕಿತಲ್ಲದೆ, ಕೇಂದ್ರ ಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆಯನ್ನೂ ನಿಷೇಧಿಸಿತು. ಫೋಟೊಗಾಗಿಯೇ ಕಾಡಿಗೆ ಹೋಗುವ ಪೀಳಿಗೆಗೆ ಇದು ಕಹಿ ಗುಳಿಗೆ. 2012ರ ಜುಲೈನಲ್ಲಿ ಇದೇ ನ್ಯಾಯಾಲಯ ಕೇಂದ್ರ ಭಾಗದಲ್ಲಿ ಪ್ರವಾಸವನ್ನೇ ತಡೆದು, ಅಕ್ಟೋಬರ್‌ನಲ್ಲಿ ಮಾರ್ಗಸೂಚಿಯೊಂದಿಗೆ ತೆರವುಗೊಳಿಸಿದ್ದು ಹಲವರಿಗೆ ನೆನಪಿರಬಹುದು.

ಬಂಡೀಪುರದಿಂದ ಊಟಿಗೆ ಇಳಿಯುವ ಯೋಚನೆಯಿದ್ದರೆ ಇನ್ನೊಂದು ಗೇಟು ಎದುರಾಗುತ್ತದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಇ-ಪಾಸ್ ಪದ್ಧತಿ ಬಂತು. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6 ಸಾವಿರ, ವಾರಾಂತ್ಯದಲ್ಲಿ 8 ಸಾವಿರ ವಾಹನಗಳ ಮಿತಿಯನ್ನೂ ಹಾಕಲಾಯಿತು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಬೇಸಿಗೆಯಲ್ಲಿ ಕಾರು ಹತ್ತಿ ಒಂದು ಉದ್ಯಾನದಿಂದ ಇನ್ನೊಂದಕ್ಕೆ ವಾರಗಟ್ಟಲೆ ಸುತ್ತುವ ಕಥೆಗಳನ್ನು ಕೇಳಿಯೇ ನಮ್ಮಲ್ಲೂ ಈ ಬಯಕೆ ಬೆಳೆದಿದೆ. ಆದರೆ ಅಲ್ಲಿಯೂ ಝಯಾನ್ ಉದ್ಯಾನದ ಕಣಿವೆ ರಸ್ತೆಗೆ ದಟ್ಟಣೆಯ ತಿಂಗಳುಗಳಲ್ಲಿ ಖಾಸಗಿ ಕಾರುಗಳನ್ನು ಬಿಡದೆ, 2000ನೇ ಇಸವಿಯಿಂದ ಉದ್ಯಾನದ ಬಸ್ಸುಗಳನ್ನು ಓಡಿಸಲಾಗುತ್ತಿದೆ. ನಮ್ಮಲ್ಲಿ ಸಫಾರಿಗೆ ಸ್ವಂತ ಕಾರನ್ನು ಬಿಡುವುದಿಲ್ಲ. ಅಷ್ಟರ ಮಟ್ಟಿಗೆ ನಮ್ಮ ನಿಯಮ ಮೊದಲಿನಿಂದಲೂ ಬಿಗಿ. ಸಡಿಲವಾಗಿರುವುದು ಕಾಡಿನ ಹೊರಗೆ. ಬನ್ನೇರುಘಟ್ಟವೇ ಉದಾಹರಣೆ. ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನು 2016ರ ಕರಡಿನಲ್ಲಿ 268.96 ಚ.ಕಿ.ಮೀ. ಎಂದು ಗುರುತಿಸಿ, 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಸಲಾಯಿತು. ನೂರು ಚ.ಕಿ.ಮೀ. ಭೂಮಿ ಒಂದು ತಿದ್ದುಪಡಿಯಲ್ಲಿ ಕರಗಿಹೋಯಿತು.

ಹತ್ತಿರದ ಕಾಡು: ಇಷ್ಟೆಲ್ಲ ಹೇಳಿದ ಮೇಲೆ ಗಡಿ ತಾಲ್ಲೂಕಿನ ಜೋಡಿ ಕೇಳಬಹುದಾದ ಪ್ರಶ್ನೆ ಸರಳ: ನಮಗೆ ಹತ್ತಿರದಲ್ಲಿ ಏನಿದೆ?

ಇದೆ. ಗುರುಮಠಕಲ್‌ನಿಂದ ಸೇಡಂ ಮಾರ್ಗವಾಗಿ ನೂರು ಕಿ.ಮೀ.ಯೊಳಗೆ ಚಿಂಚೋಳಿ ವನ್ಯಜೀವಿ ಧಾಮ. 2011ರಲ್ಲಿ ಘೋಷಣೆಯಾದ ಇದರ ವಿಸ್ತಾರ 134.88 ಚ.ಕಿ.ಮೀ.; ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ಇದರ ಆಸುಪಾಸಿನವು. ಹುಲಿ, ಆನೆ ಇಲ್ಲ. ತೋಳ, ಕತ್ತೆಕಿರುಬ, ನರಿಗಳ ಒಣಭೂಮಿಯ ಕಾಡು ಇದು. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಹಂಪಿಯ ಬಳಿ ದರೋಜಿ ಕರಡಿಧಾಮವಿದೆ, 1994ರದು; ಸಂಜೆಯ ಹೊತ್ತು ವೀಕ್ಷಣಾ ಗೋಪುರದಿಂದ ಬಂಡೆಗಳ ಮೇಲೆ ಕರಡಿಗಳು ಇಳಿದುಬರುವುದನ್ನು ಯಾವ ವಾಹನದ ಸದ್ದೂ ಇಲ್ಲದೆ ನೋಡಬಹುದು. ನಮ್ಮದೇ ತಾಲ್ಲೂಕಿನ ನಜರಾಪುರದ ದಬ್‌ದಬಿ ಜಲಪಾತವಂತೂ ಬೇಸಿಗೆಯಲ್ಲಿ ಬರೀ ಬಂಡೆ. ಅದು ಮೈದುಂಬುವುದು ಮಳೆ ಬಿದ್ದ ಮೇಲೆ, ಅಂದರೆ ಮದುಮಗಳು ತವರಿಗೆ ಹೋದ ಮೇಲೆ!

ರಾಷ್ಟ್ರೀಯ ಉದ್ಯಾನ ಈ ಭಾಗಕ್ಕೆ ಸಿಗದಿರುವುದನ್ನು ಅನ್ಯಾಯ ಎನ್ನಲಾಗದು. ಅದು ಮಳೆ ಮತ್ತು ಮಣ್ಣಿನ ತೀರ್ಮಾನ. ಅನ್ಯಾಯವಿರುವುದು ಬೇರೆಡೆ. ಹುಲಿಯಿಲ್ಲದ ಕಾಡನ್ನು ಕಾಡೆಂದೇ ಎಣಿಸದ ಪ್ರವಾಸೋದ್ಯಮದ ದೃಷ್ಟಿ, ಎಲ್ಲ ಪ್ರಚಾರವನ್ನೂ ಕಬಿನಿ–ಬಂಡೀಪುರದ ಸುತ್ತ ಸುರಿದು, ಬಳಿಕ ಅಲ್ಲಿ ಜನ ಹೆಚ್ಚಾದರೆಂದು ಗೊಣಗುತ್ತದೆ. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕೆ ಬರುವ ವಿಶೇಷ ಅನುದಾನದ ಚರ್ಚೆಯಲ್ಲಿ ರಸ್ತೆ, ಕಟ್ಟಡಗಳ ಹೆಸರು ಕೇಳುವಷ್ಟು ಚಿಂಚೋಳಿಯ ಕಾವಲುಗಾರನ ಹೆಸರು ಕೇಳಿಬರುವುದಿಲ್ಲ. ಹಾಗೆಂದು ಚಿಂಚೋಳಿಯನ್ನು ಇನ್ನೊಂದು ಕಬಿನಿ ಮಾಡಬೇಕೆಂಬುದು ಈ ಲೇಖನದ ವಾದವಲ್ಲ. ರೆಸಾರ್ಟುಗಳ ಸಾಲು ಬಂದರೆ ಅಲ್ಲಿನ ತೋಳಕ್ಕೆ ಉಳಿಯುವುದು ಏನೂ ಇಲ್ಲ. ಒಂದು ಮಾಹಿತಿ ಕೇಂದ್ರ, ಸ್ಥಳೀಯ ತಾಂಡಾದ ಯುವಕರನ್ನೇ ಮಾರ್ಗದರ್ಶಕರನ್ನಾಗಿ ತರಬೇತುಗೊಳಿಸುವುದು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನು ಮೊದಲ ದಿನದಿಂದಲೇ ಹಾಕುವುದು: ದಕ್ಷಿಣದಲ್ಲಿ ತಡವಾಗಿ ಕಲಿತದ್ದನ್ನು ಇಲ್ಲಿ ಮೊದಲೇ ಮಾಡಬಹುದು. ಕೆಲಸ ಅರಸಿ ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಈ ಜಿಲ್ಲೆಗಳಲ್ಲಿ ಹತ್ತು ಕುಟುಂಬಕ್ಕೆ ಊರಲ್ಲೇ ಅನ್ನ ಸಿಕ್ಕರೂ ಅದು ಸಣ್ಣ ಮಾತಲ್ಲ.

ಇನ್ನು ಗಡಿಯಾಚೆಗೆ ನೋಡಿದರೆ ಚಿತ್ರ ಮತ್ತಷ್ಟು ಕುತೂಹಲಕರ. ಶ್ರೀಶೈಲಕ್ಕೆ ಹೋಗುವ ನಮ್ಮ ಭಾಗದ ಭಕ್ತರು ಹುಲಿಯ ಕಾಡನ್ನು ತಲೆಮಾರುಗಳಿಂದ ದಾಟುತ್ತಲೇ ಬಂದಿದ್ದಾರೆ. ಯುಗಾದಿಗೆ ಮುನ್ನ ಕರ್ನಾಟಕದ ಪಾದಯಾತ್ರಿಗಳು ವೆಂಕಟಾಪುರಂ, ನಾಗಲೂಟಿ, ಭೀಮನಕೊಳ್ಳದ ಹಾದಿಯಲ್ಲಿ ನಲ್ಲಮಲೆಯನ್ನು ನಡೆದು ಹಾಯುತ್ತಾರೆ; ಅದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ವಾಹನದಲ್ಲಿ ಅಚ್ಚಂಪೇಟೆಯ ಕಡೆಯಿಂದ ಹೋದರೆ ತೆಲಂಗಾಣದ ಅಮ್ರಾಬಾದ್. ದೇಶದ ಅತಿ ವಿಶಾಲ ಹುಲಿ ಸಂರಕ್ಷಿತ ಪ್ರದೇಶಗಳ ಪಟ್ಟಿಯಲ್ಲಿ ಇವೆರಡೂ ಇವೆ, ಮತ್ತು ಬಂಡೀಪುರಕ್ಕಿಂತ ಗುರುಮಠಕಲ್‌ಗೆ ಎಷ್ಟೋ ಹತ್ತಿರ. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರಿಗೆ ಆ ದಿಕ್ಕು ಅಪರಿಚಿತವೂ ಅಲ್ಲ. ಆದರೂ ಮಲ್ಲಯ್ಯನ ದರ್ಶನಕ್ಕೆಂದು ಹೋದ ಜೋಡಿಗೆ ತಾವು ಆಗಲೇ ಒಂದು ಮಹಾರಣ್ಯ ನೋಡಿ ಬಂದೆವೆಂಬ ಅರಿವಿರುವುದಿಲ್ಲ. ಕಾರಣ, ಅದನ್ನು ಯಾರೂ ಅವರಿಗೆ ಕಾಡೆಂದು ತೋರಿಸಿಲ್ಲ.

ಅಜ್ಜ–ಅಜ್ಜಿಯರು ಆ ಹಾದಿಯಲ್ಲಿ ಸಂಜೆಯಾದರೆ ತಂಗುತ್ತಿದ್ದರು, ಬೆಳಕು ಹರಿದ ಮೇಲೆ ಹೆಜ್ಜೆ ಇಡುತ್ತಿದ್ದರು. ಇಂದು ಆ ಕೆಲಸವನ್ನು ಅಮ್ರಾಬಾದ್ ಅಂಚಿನ ಮನ್ನನೂರು ಚೆಕ್‌ಪೋಸ್ಟ್ ಮಾಡುತ್ತದೆ. ಅಲ್ಲಿಯೂ ಗೇಟು ಮುಚ್ಚುವುದು ರಾತ್ರಿ 9ಕ್ಕೆ, ತೆರೆಯುವುದು ಬೆಳಿಗ್ಗೆ 6ಕ್ಕೆ.